ನಡುಮನೆಯ ನೆಲ ಬೆಳ್ಳಗಾದ ಬಗೆ: ಶ್ರೀನಿವಾಸಪುರ ತಾಲ್ಲೂಕಿನ ಒಂದು ಕ್ವಾರಿ ಟೈಲ್ಸ್ ಪ್ರಕರಣ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿನ ತೋಪಿನ ಅಂಚಿನಲ್ಲಿರುವ ಸುಮಾರು ನಲವತ್ತು ವರ್ಷದ ಮನೆಯೊಂದರ ಎರಡು ಕೋಣೆಗಳಿಗೆ ಒಂದೇ ಬಗೆಯ ಟೈಲ್ಸನ್ನು ಒಬ್ಬನೇ ಮೇಸ್ತ್ರಿ ನಾಲ್ಕು ತಿಂಗಳ ಅಂತರದಲ್ಲಿ ಹಾಸಿದ. ಮೊದಲು ಹಾಸಿದ ನಡುಮನೆಯ ನೆಲ ಎರಡು ತಿಂಗಳು ತುಂಬುವುದರೊಳಗೆ ಬೂದಿ ಎರಚಿದಂತೆ ಬೆಳ್ಳಗಾಯಿತು. ಆಮೇಲೆ ಹಾಸಿದ ಅಡುಗೆಮನೆಯ ನೆಲ ಇದುವರೆಗೆ ಬೆಳ್ಳಗಾಗಿಲ್ಲ. ಎರಡೂ ಕೆಲಸಗಳ ಉಸ್ತುವಾರಿ ನನ್ನದೇ ಆಗಿತ್ತು. ಮೊದಲನೆಯದು ಕೆಟ್ಟದ್ದರಲ್ಲಿ ದೊಡ್ಡ ಪಾಲೂ ನನ್ನದೇ. ಟೈಲ್ಸೂ ಕೈಗಳೂ ಒಂದೇ ಆಗಿದ್ದು ಫಲ ಮಾತ್ರ ಬೇರೆಯಾದ ಕಾರಣ, ಎಲ್ಲಿ ಏನು ತಪ್ಪಿತೆಂಬುದನ್ನು ಬೇರ್ಪಡಿಸಿ ನೋಡಲು ಈ ಪ್ರಕರಣ ಅನುಕೂಲಕರವಾಗಿದೆ.

ಟೈಲ್ಸ್ ನಾಲ್ಕು ಅಂಗುಲದ ಚೌಕದ್ದು: 100 ಮಿ.ಮೀ. ಉದ್ದಗಲ, 12 ಮಿ.ಮೀ. ದಪ್ಪ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಕೆಂಗಂದು ಬಣ್ಣದ ಸುಟ್ಟ ಜೇಡಿಮಣ್ಣು. ಕ್ವಾರಿ ಎಂಬ ಹೆಸರು ಕೇಳಿ ಮನೆಯ ಯಜಮಾನರು ಇದನ್ನು ಕಲ್ಲು ಕ್ವಾರಿಯಿಂದ ತಂದ ಕಲ್ಲೆಂದೇ ತಿಳಿದಿದ್ದರು. ಬೆಟ್ಟಗಳನ್ನು ಕಡಿದು ಜಲ್ಲಿ ಮಾಡುವ ನಮ್ಮ ಸೀಮೆಯಲ್ಲಿ ಹಾಗೆ ತಿಳಿಯುವುದು ಸಹಜವೂ ಹೌದು. ಆದರೆ ಟೈಲ್ಸಿನ ಹೆಸರಿನಲ್ಲಿರುವ ಆ ಪದ ಚೌಕ ಎಂಬ ಅರ್ಥದ ಹಳೆಯ ಲ್ಯಾಟಿನ್ ಮೂಲದಿಂದ ಬಂದದ್ದು. ಈ ಟೈಲ್ಸಿಗೂ ಕಲ್ಲಿಗೂ ಸಂಬಂಧವಿಲ್ಲ. ನೆಂಟಸ್ತಿಕೆ ಹುಡುಕುವುದಾದರೆ ಇದೇ ಜಿಲ್ಲೆಯ ಮಾಲೂರಿನ ಇಟ್ಟಿಗೆ ಮತ್ತು ಹೆಂಚಿನ ಗೂಡುಗಳ ಕಡೆಗೆ ನೋಡಬೇಕು. ಹೆಂಚಿನಂತೆ ಇದೂ ಮಣ್ಣೇ, ಆದರೆ ಹೆಚ್ಚು ಶಾಖದಲ್ಲಿ ಹೆಚ್ಚು ಗಟ್ಟಿಯಾಗಿ ಬೆಂದ ಮಣ್ಣು. ಗಟ್ಟಿಯಾಗಿದ್ದರೂ ಅದು ನೀರು ಕುಡಿಯುತ್ತದೆ. ಹತ್ತು ಟೈಲ್ಸನ್ನು ಒಟ್ಟಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದಾಗ 2.52 ಕೆ.ಜಿ. ಬಂದಿತು. ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ತೂಗಿದಾಗ 2.67 ಕೆ.ಜಿ. ಆಯಿತು, ಅಂದರೆ ತನ್ನ ತೂಕದ ಶೇ. 6ರಷ್ಟು ನೀರು. ನಯವಾದ ವಿಟ್ರಿಫೈಡ್ ಟೈಲ್ಸ್ ಶೇ. ಅರ್ಧದಷ್ಟೂ ಹೀರುವುದಿಲ್ಲ. ಈ ತೂಕವನ್ನು ನಾನು ಕೆಲಸಕ್ಕೆ ಮೊದಲು ನೋಡಲಿಲ್ಲ, ನೆಲ ಕೆಟ್ಟ ಮೇಲೆ ಉಳಿದ ಟೈಲ್ಸಿನಲ್ಲಿ ನೋಡಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಸಣ್ಣ ಟೈಲ್ಸಿನ ಇನ್ನೊಂದು ಗುಣವನ್ನು ಲೆಕ್ಕದಲ್ಲಿಯೇ ನೋಡಬೇಕು. 6 ಮಿ.ಮೀ. ಸಂದು ಬಿಟ್ಟು ಹಾಸಿದರೆ ಒಂದು ಚದರ ಮೀಟರಿಗೆ 89 ಟೈಲ್ಸ್ ಬೇಕು. ಸಂದುಗಳ ಉದ್ದ ಸುಮಾರು 19 ಮೀಟರ್ ಆಗುತ್ತದೆ. ಎರಡು ಅಡಿ ಚೌಕದ ಟೈಲ್ಸಿನಲ್ಲಿ ಇದೇ ಉದ್ದ ಮೂರೂಕಾಲು ಮೀಟರ್ ಅಷ್ಟೆ. ನೆಲದ ನೂರರಲ್ಲಿ ಹನ್ನೊಂದು ಪಾಲು ಟೈಲ್ಸೇ ಅಲ್ಲ, ಬರೀ ಸಿಮೆಂಟು. ನೆಲದೊಳಗಿನ ನೀರು ಮೇಲೆ ಬರಲು ಇರುವ ದಾರಿಯೂ, ಗ್ರೌಟಿನ (ಸಂದು ತುಂಬುವ ಸಿಮೆಂಟಿನ) ತಿಳಿ ಟೈಲ್ಸಿನ ಮೇಲೆ ಹರಡಲು ಇರುವ ಅಂಚೂ ಅಷ್ಟರ ಮಟ್ಟಿಗೆ ಹೆಚ್ಚು. ದೊಡ್ಡ ಟೈಲ್ಸಿನಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಎದ್ದು ಕಾಣುವುದು ಇದರಿಂದಲೇ.

ನಡುಮನೆ

ನಡುಮನೆ 18 ಅಡಿಗೆ 12 ಅಡಿ, ಅಂದರೆ 20 ಚದರ ಮೀಟರ್. ಅಲ್ಲಿದ್ದ ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದ್ದರಿಂದ ಅದನ್ನು ಒಡೆದು ತೆಗೆದು, ಮಣ್ಣು ದಿಮ್ಮಸು ಮಾಡಿ, ಮೂರು ಅಂಗುಲ ಕಾಂಕ್ರೀಟು ಹಾಕಿಸಲಾಯಿತು. ಕಾಂಕ್ರೀಟಿನ ಕೆಳಗೆ ಮಣ್ಣಿನ ತೇವ ತಡೆಯುವ ಪಾಲಿಥೀನ್ ಹಾಳೆ ಹಾಸಲಿಲ್ಲ. ಅದರ ಮೇಲೆ ನಮ್ಮ ಕಡೆ ಎಲ್ಲರೂ ಮಾಡುವಂತೆ ಸುಮಾರು 40 ಮಿ.ಮೀ. ದಪ್ಪದ ಗಾರೆಯ ಬೆಡ್, ಬೆಡ್ಡಿನ ಮೇಲೆ ಸಿಮೆಂಟ್ ಹಾಲು, ಹಾಲಿನ ಮೇಲೆ ಟೈಲ್ಸ್. ಟೈಲ್ಸನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆಹಾಕಲಾಗಿತ್ತು. ಗಾರೆಯ ಮೇಲೆ ಒಣ ಟೈಲ್ಸ್ ಇಟ್ಟರೆ ಅದು ಗಾರೆಯ ನೀರನ್ನು ಎಳೆದುಕೊಂಡು ಹಿಡಿತ ಕೆಡುತ್ತದೆಯಾದ್ದರಿಂದ ಮೇಸ್ತ್ರಿ ಮಾಡಿದ್ದು ಆ ಪದ್ಧತಿಗೆ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ಡ್ರಮ್ಮಿನ ನೀರಿನಲ್ಲಿ. ಮನೆಯ ಕೊಳವೆಬಾವಿ ಸಾವಿರ ಅಡಿ ದಾಟಿದೆ, ನೀರು ಸವುಳು. ಬಚ್ಚಲಿನ ಹಂಡೆಯ ಒಳಮೈ ನೋಡಿದರೆ ಸಾಕು, ಸುಣ್ಣ ಬಳಿದಂತೆ ಬೆಳ್ಳಗಿದೆ. ನಾನು ದಿನವೂ ಆ ಬಚ್ಚಲಿನಲ್ಲಿಯೇ ಕೈಕಾಲು ತೊಳೆದಿದ್ದೇನೆ; ಹಂಡೆಯನ್ನು ನೋಡಿದ್ದರೂ ನೆಲದ ಜೊತೆ ಅದನ್ನು ಸೇರಿಸಿ ಯೋಚಿಸಲಿಲ್ಲ.

ಕೆಲಸ ನಡೆದದ್ದು ನವೆಂಬರಿನಲ್ಲಿ. ಕೋಲಾರಕ್ಕೆ ಹಿಂಗಾರು ಮಳೆ ಬೀಳುವ ಕಾಲ, ಬೆಳಗಿನ ಹೊತ್ತು ಮಂಜು. ಬೆಡ್ಡು ಮತ್ತು ಟೈಲ್ಸಿಗೆ ಆರು ದಿನ ಹಿಡಿಯಿತು, ಗ್ರೌಟಿಗೆ ಎರಡು ದಿನ. ಅನಂತರ ಐದು ದಿನ ಸಂಜೆ ಸಂಜೆ ನೀರು ಚಿಮುಕಿಸಿ ಕ್ಯೂರಿಂಗ್ ಮಾಡಲಾಯಿತು. ಗ್ರೌಟು ತುಂಬಿದ ಒಂಬತ್ತನೆಯ ದಿನ, ಹೊಳಪು ಬರುವ ಅಕ್ರಿಲಿಕ್ ಸೀಲರನ್ನು (ನೀರೂ ಕಲೆಯೂ ಬೇಗ ಇಳಿಯದಂತೆ ಬಳಿಯುವ ಲೇಪ) ಬ್ರಷ್ಷಿನಲ್ಲಿ ಎರಡು ಕೋಟು ಹೊಡೆಸಿದೆವು. ಡಬ್ಬಿಯ ಮೇಲೆ ನೆಲ ಪೂರ್ತಿ ಒಣಗಿರಬೇಕೆಂದು ಬರೆದಿತ್ತು. ಮುಟ್ಟಿ ನೋಡಿದರೆ ಒಣಗಿಯೇ ಇತ್ತು. ಧನುರ್ಮಾಸ ಹುಟ್ಟುವ ಮೊದಲು ಯಜಮಾನರ ಮಗಳ ನಿಶ್ಚಿತಾರ್ಥ ಮುಗಿಸಬೇಕೆಂದು ದಿನ ಗೊತ್ತಾಗಿತ್ತು, ಬೀಗರು ಕೂರುವುದು ಆ ನೆಲದ ಮೇಲೆಯೇ. “ಇನ್ನೂ ಸ್ವಲ್ಪ ದಿನ ಬಿಡೋಣವಾ ಸಾರ್?” ಎಂದು ಮೇಸ್ತ್ರಿ ಒಂದು ಮಾತು ಕೇಳಿದ. ಬೇಡವೆಂದದ್ದು ನಾನು.

ನಿಶ್ಚಿತಾರ್ಥದ ದಿನ ನೆಲ ಚೆನ್ನಾಗಿಯೇ ಕಂಡಿತು. ಮೂರು ವಾರದ ಮೇಲೆ ಯಜಮಾನರು ಫೋನು ಮಾಡಿ, ನೆಲಕ್ಕೆ “ಪೊರೆ ಬಂದಂತಿದೆ” ಎಂದರು. ನಾನು ಹೋದಾಗ ಸಂಜೆ ನಾಲ್ಕರ ಬಿಸಿಲು ಪಡುವಣ ಬಾಗಿಲಿನಿಂದ ಅಡ್ಡಲಾಗಿ ನೆಲದ ಮೇಲೆ ಬಿದ್ದಿತ್ತು. ನಿಂತು ನೋಡಿದರೆ ಕಾಣದಿದ್ದುದು ಕುಳಿತು ನೋಡಿದಾಗ ಕಂಡಿತು: ಪ್ರತಿ ಟೈಲ್ಸಿನ ನಾಲ್ಕೂ ಅಂಚಿನಿಂದ ಒಳಗೆ ಒಂದು ಬೆರಳಗಲ ಹಾಲಿನಂಥ ಮಬ್ಬು, ನಡುವೆ ಮಾತ್ರ ಒಂದು ಕೆಂಪು ಬೊಟ್ಟು. ಸಂಕ್ರಾಂತಿಯ ಹೊತ್ತಿಗೆ ಪಡುವಣ ಗೋಡೆಯ ಪಕ್ಕದ ಮೂರು ಸಾಲುಗಳಲ್ಲಿ ಸೀಲರ್ ಪದರ ಪದರವಾಗಿ ಏಳತೊಡಗಿತ್ತು. ಉಗುರಿನಿಂದ ಎಬ್ಬಿಸಿದರೆ ಅದರ ಅಡಿಯಲ್ಲಿ ಬಿಳಿಯ ಪುಡಿ.

ಪುಡಿ ಯಾವುದು, ನೀರು ಎಲ್ಲಿಯದು

ಬಿಳಿಯದೆಲ್ಲ ಒಂದೇ ಅಲ್ಲವಾದ್ದರಿಂದ ಮೊದಲು ಪುಡಿಯನ್ನು ಎರಡು ಕಡೆಯಿಂದ ಕೆರೆದು ತೆಗೆದೆ. ಗೋಡೆಯ ಪಕ್ಕದ ಸಂದಿನಿಂದ ತೆಗೆದದ್ದನ್ನು ಗಾಜಿನ ಲೋಟದ ನೀರಿಗೆ ಹಾಕಿದಾಗ ಬಹುಪಾಲು ಕರಗಿಹೋಯಿತು. ಕೋಣೆಯ ನಡುವಿನ ಟೈಲ್ಸಿನ ಮೇಲಿನಿಂದ, ಬ್ಲೇಡಿನಲ್ಲಿ ಸೀಲರ್ ಎಬ್ಬಿಸಿ ಕೆರೆದದ್ದು ಕರಗಲಿಲ್ಲ. ಅದರ ಮೇಲೆ ನಿಂಬೆಹಣ್ಣು ಹಿಂಡಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದು ಚುರುಗುಟ್ಟಿತು. ಮೊದಲನೆಯದು ನೀರಿನಲ್ಲಿ ಕರಗುವ ಉಪ್ಪು. ಎರಡನೆಯದು ಸುಣ್ಣದ ಜಾತಿಯದು: ಸಿಮೆಂಟಿನಿಂದ ಹೊರಬರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾದದ್ದು. ಅಂದರೆ ರೋಗ ಎರಡು. ಒಂದು, ಗ್ರೌಟು ಒರೆಸುವಾಗ ಟೈಲ್ಸಿನ ರಂಧ್ರಗಳಿಗೆ ಇಳಿದ ಸಿಮೆಂಟಿನ ತಿಳಿಯನ್ನು ತೆಗೆಯದೆ ಅದರ ಮೇಲೆಯೇ ಸೀಲರ್ ಹೊಡೆದದ್ದು. ಇನ್ನೊಂದು, ಒದ್ದೆ ನೆಲಕ್ಕೆ ಮುಚ್ಚಳ ಹಾಕಿದ್ದು.

ಒದ್ದೆ ಇನ್ನೂ ಇದೆಯೇ ಎಂಬುದಕ್ಕೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು, ಸೀಲರ್ ಎಬ್ಬಿಸಿದ ಜಾಗದಲ್ಲಿ ಹರಡಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ರಾತ್ರಿ ಬಿಟ್ಟೆ. ಹದಿನಾರು ಗಂಟೆಗೆ ಕಡಿಮೆ ಇಡಬಾರದು. ಮರುದಿನ ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ ಇಬ್ಬನಿಯಂತೆ ಹನಿ ಕೂತಿತ್ತು, ಅದರಡಿಯ ಟೈಲ್ಸ್ ಸುತ್ತಲಿನವಕ್ಕಿಂತ ಒಂದು ಬಣ್ಣ ಗಾಢವಾಗಿತ್ತು. ಹಾಸಿ ಎರಡು ತಿಂಗಳಾದ ಮೇಲಿನ ಸ್ಥಿತಿ ಇದು. ಗಾರೆಯ ಬೆಡ್ಡು ಒಳ್ಳೆಯ ಹವೆಯಲ್ಲಿಯೂ ದಿನಕ್ಕೆ ಸುಮಾರು ಒಂದು ಮಿ.ಮೀ. ದಪ್ಪದಂತೆ ಒಣಗುತ್ತದೆ ಎಂಬುದು ಕಟ್ಟಡದವರು ಬಳಸುವ ಅಂದಾಜು, 40 ಮಿ.ಮೀ.ಗೆ ನಲವತ್ತು ದಿನ. ನಾವು ಬೆಡ್ಡು ಶುರುಮಾಡಿದ ಹದಿನೇಳನೆಯ ದಿನ, ಅದೂ ಮಳೆಗಾಲದ ಕೊನೆಯಲ್ಲಿ, ಮುಚ್ಚಿದ್ದೆವು.

ನೀರಿನ ಲೆಕ್ಕ ನನ್ನನ್ನು ಬೆರಗುಗೊಳಿಸಿತು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 1,600 ಮಿಲಿಗ್ರಾಂ ಎಂದು ಮೀಟರು ತೋರಿಸಿತು. ಟೈಲ್ಸ್ ನೆನೆಸಿದಾಗ ಅವು ಕುಡಿದದ್ದು ಸುಮಾರು 27 ಲೀಟರ್, ಬೆಡ್ಡಿಗೂ ಸಿಮೆಂಟ್ ಹಾಲಿಗೂ ಹೋದದ್ದು ಸುಮಾರು 200 ಲೀಟರ್, ಐದು ದಿನ ಚಿಮುಕಿಸಿದ್ದು ಸುಮಾರು 300 ಲೀಟರ್. ಒಟ್ಟು ಲವಣ ಮುಕ್ಕಾಲು ಕೆ.ಜಿ. ದಾಟುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಕ್ಯೂರಿಂಗಿನ ನೀರಿನದು. ಸಿಮೆಂಟಿನದೇ ಕ್ಷಾರ ಇದರ ಮೇಲೆ ಬೇರೆ. ನೀರು ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ವಿಚಿತ್ರವೆಂದರೆ ಈ ನೀರು ನಿಯಮಕ್ಕೆ ವಿರುದ್ಧವಲ್ಲ: ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456:2000 ಕಲಸುವ ನೀರಿನಲ್ಲಿ ಲೀಟರಿಗೆ 3,000 ಮಿಲಿಗ್ರಾಂ ನಿರವಯವ ಘನಪದಾರ್ಥದವರೆಗೆ ಒಪ್ಪುತ್ತದೆ. ಆ ಮಿತಿ ಕಾಂಕ್ರೀಟಿನ ಬಲ ಮತ್ತು ಬಾಳಿಕೆಯನ್ನು ನೋಡಿ ಇಟ್ಟದ್ದು. ಕೆಂಪು ನೆಲದ ಚೆಲುವಿನ ಹೊಣೆ ಅದರದಲ್ಲ. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರು ಈ ಎರಡನ್ನೂ ಬೇರೆಯಾಗಿಯೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ದುರಸ್ತಿಯ ವಿಷಯದಲ್ಲಿ ಬಂದ ಸಲಹೆಗಳು ಹಲವು. ಬಚ್ಚಲು ತೊಳೆಯುವ ಆಸಿಡ್ ಹೊಡೆದುಬಿಡಿ ಎಂದವರೇ ಹೆಚ್ಚು. ಅದು ಹೈಡ್ರೋಕ್ಲೋರಿಕ್ ಆಮ್ಲ. ಬಿಳಿಯದನ್ನು ತೆಗೆಯುತ್ತದೆ, ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ಕಬ್ಬಿಣದ ಅಂಶವಿರುವ ಮಣ್ಣಿನ ಮೇಲೆ ಹಳದಿ ಕಲೆ ಬಿಡಬಹುದು, ತಾನೇ ಹೊಸ ಲವಣವನ್ನೂ ಹುಟ್ಟಿಸುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲಕ್ಕೆ ತೆಂಗಿನೆಣ್ಣೆ ತಿಕ್ಕಿ ಹೊಳಪು ಬರಿಸುತ್ತಿದ್ದುದನ್ನು ಮನೆಯ ಅಮ್ಮನವರು ನೆನಪಿಸಿದರು. ಆದರೆ ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ, ಟೈಲ್ಸಿನ ರಂಧ್ರದಲ್ಲಿ ಎಣ್ಣೆಯಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಒಣಗುವ ಎಣ್ಣೆಯೆಂದರೆ ಅಗಸೆ ಎಣ್ಣೆ. ಕ್ವಾರಿ ಟೈಲ್ಸಿಗೆ ಅದನ್ನು ಬಳಿಯುವ ಹಳೆಯ ಪದ್ಧತಿಯೂ ಉಂಟು. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು, ಆದ್ದರಿಂದ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಬೇಕು ಅಥವಾ ಬಯಲಿನಲ್ಲಿ ಬಿಡಿಯಾಗಿ ಹರಡಬೇಕು. ಒಣಹುಲ್ಲಿನ ಬಣವೆ ಮನೆಗೆ ಅಂಟಿಕೊಂಡಿದ್ದ ಆ ಜಾಗದಲ್ಲಿ ನಾನು ಅದರ ತಂಟೆಗೆ ಹೋಗಲಿಲ್ಲ.

ಕೊನೆಗೆ ಮಾಡಿದ್ದು ಬೇಸರದ ಕೆಲಸ. ಪೇಂಟ್ ರಿಮೂವರ್ ಹಚ್ಚಿ ಸೀಲರನ್ನು ಪೂರ್ತಿ ಕೆರೆದು ತೆಗೆಸಲು ಇಬ್ಬರಿಗೆ ನಾಲ್ಕು ದಿನ ಬೇಕಾಯಿತು. ಸಂದಿನಲ್ಲಿ ಕುಳಿತದ್ದನ್ನು ತೆಗೆಯಲು ಹಲ್ಲುಜ್ಜುವ ಬ್ರಷ್ಷೇ ಬೇಕಾಯಿತು. ಅನಂತರ ನೆಲವನ್ನು ತೆರೆದೇ ಬಿಟ್ಟು, ಮೇಲೆ ಬಂದ ಉಪ್ಪನ್ನು ಹತ್ತು ಹದಿನೈದು ದಿನಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ಉಜ್ಜಿ, ಗುಡಿಸಿ, ಹೊರಗೆ ಎಸೆಯಲಾಯಿತು. ನೀರು ಹಾಕಿ ತೊಳೆದರೆ ಕರಗಿದ ಉಪ್ಪು ಮತ್ತೆ ಟೈಲ್ಸಿನೊಳಗೇ ಇಳಿಯುತ್ತದೆ. ಅಮ್ಮನವರಿಗೆ ನೆಲ ಒರೆಸದೆ ಇರುವುದು ಕಷ್ಟವಾಯಿತು, ಆದರೂ ಒಪ್ಪಿದರು. ಏಪ್ರಿಲ್ ಕೊನೆಗೆ, ಬಿಸಿಲು ಚೆನ್ನಾಗಿ ಕಾದ ಮೇಲೆ, ಉಪ್ಪು ಬರುವುದು ಗೋಡೆಯ ಪಕ್ಕ ಬಿಟ್ಟು ಉಳಿದೆಡೆ ನಿಂತಿತು. ಆಗ ಸಿಮೆಂಟಿನ ಮಬ್ಬಿಗೆ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣ ಹಾಕಿ, ಅದಕ್ಕೆ ಮೊದಲು ಸಂದುಗಳನ್ನು ನೀರಿನಿಂದ ತೋಯಿಸಿ, ಉಜ್ಜಿದ ಕೂಡಲೇ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು, ನೀರನ್ನು ಬಟ್ಟೆಯಲ್ಲಿ ಎತ್ತಿ ತೆಗೆದೆವು. ಮತ್ತೆ ಮೂರು ವಾರ ಒಣಗಿದ ಮೇಲೆ ಹೊಸ ಸೀಲರ್.

ಅಡುಗೆಮನೆ

ಅಡುಗೆಮನೆಯ ಕೆಲಸ ಮಾರ್ಚಿನಲ್ಲಿ, ಅಂದರೆ ನಡುಮನೆಯ ನೆಲ ಇನ್ನೂ ಬ್ರಷ್ಷಿನ ಕೆಳಗಿದ್ದಾಗಲೇ ಆಯಿತು. 10 ಅಡಿಗೆ 11 ಅಡಿ ಕೋಣೆ, 900ಕ್ಕೂ ಸ್ವಲ್ಪ ಹೆಚ್ಚು ಟೈಲ್ಸ್. ಅಲ್ಲಿನ ಹಳೆಯ ಸಿಮೆಂಟ್ ನೆಲ ಗಟ್ಟಿಯಾಗಿಯೂ ಒಣಗಿಯೂ ಇದ್ದುದರಿಂದ ಅದನ್ನು ಒಡೆಯದೆ, ಎಣ್ಣೆ ಜಿಡ್ಡು ಉಜ್ಜಿ, ಮೇಲ್ಮೈಯನ್ನು ಒರಟು ಮಾಡಿ, ಅದರ ಮೇಲೆ ಟೈಲ್ ಅಡ್ಹೆಸಿವ್ ಬಳಸಿ ತೆಳುವಾಗಿ ಹಾಸಲು ನಿರ್ಧರಿಸಿದೆವು. ನಾಲ್ಕು ಸೆಂಟಿಮೀಟರಿನ ಒದ್ದೆ ಬೆಡ್ಡಿನ ಬದಲು ಮೂರು ನಾಲ್ಕು ಮಿಲಿಮೀಟರಿನ ಅಂಟು ಎಂದರೆ ನೆಲದೊಳಗೆ ಹೋಗುವ ನೀರೇ ಕಡಿಮೆ.

ಸುಟ್ಟ ಮಣ್ಣಿನ ಟೈಲ್ಸ್ ಒಂದರಂತೆ ಒಂದಿರುವುದಿಲ್ಲ. ಎರಡು ಮೊಳೆ ಹೊಡೆದ ಹಲಗೆಯನ್ನು ಅಳತೆಗೆ ಇಟ್ಟುಕೊಂಡು ಮೇಸ್ತ್ರಿಯ ಮಗ ಎಲ್ಲವನ್ನೂ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಗುಡ್ಡೆ ಮಾಡಿದ. ಚಿಕ್ಕವು ಒಲೆಕಟ್ಟೆಯ ಕೆಳಗೆ ಹೋದವು. ಕೋಣೆಯ ನಡುವಿನಿಂದ ಎರಡು ದಾರ ಕಟ್ಟಿ, ಮೂಲೆಮಟ್ಟ ಇಟ್ಟು, ಒಂದು ಸಾಲನ್ನು ಅಂಟಿಲ್ಲದೆ ಜೋಡಿಸಿ ನೋಡಿದ ಮೇಲೆಯೇ ಬಾಗಿಲಿನ ಹತ್ತಿರ ಎಷ್ಟು ಅಗಲದ ತುಂಡು ಬರುವುದೆಂದು ತಿಳಿಯಿತು. ದಾರವನ್ನು ಒಂದೂವರೆ ಅಂಗುಲ ಸರಿಸಿದೆವು. ಟೈಲ್ಸನ್ನು ನೆನೆಹಾಕಲಿಲ್ಲ, ಅಡಿಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಷ್ಟೆ. ನಲವತ್ತು ವರ್ಷ ನೆನೆಹಾಕಿಯೇ ಟೈಲ್ಸ್ ಕೂರಿಸಿದ ಮೇಸ್ತ್ರಿಯನ್ನು ಇದಕ್ಕೆ ಒಪ್ಪಿಸಲು ಒಂದು ಬೆಳಗ್ಗೆ ಹಿಡಿಯಿತು. ಹಲ್ಲಿನ ಕರಣೆಯಲ್ಲಿ ಒಮ್ಮೆಗೆ ಒಂದು ಚದರ ಮೀಟರಿಗಿಂತ ಹೆಚ್ಚು ಅಂಟು ಎಳೆಯಬಾರದೆಂಬ ಮಾತನ್ನು ಮಾತ್ರ ಅವನು ತಾನಾಗಿಯೇ ಕಂಡುಕೊಂಡ: ಹೊರಗೆ ಬಿಸಿಲಿದ್ದ ಮೊದಲ ದಿನವೇ ಅಂಟಿನ ಮೇಲೆ ಕೆನೆ ಕಟ್ಟಿ, ಕೂರಿಸಿದ ಆರು ಟೈಲ್ಸ್ ಮರುಕ್ಷಣ ಕೈಗೇ ಎದ್ದು ಬಂದವು. ಗೋಡೆಯ ಸುತ್ತ 6 ಮಿ.ಮೀ. ಜಾಗವನ್ನು ಗಾರೆ ತುಂಬದೆ ಖಾಲಿ ಬಿಟ್ಟು ಸ್ಕರ್ಟಿಂಗಿನಿಂದ ಮರೆಮಾಡಲಾಯಿತು.

ನೀರಿನ ವಿಷಯದಲ್ಲಿ ಸ್ವಲ್ಪ ಮಾತುಕತೆಯೇ ನಡೆಯಿತು. ಊರಿನ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ತರಿಸಿದಾಗ ಅಮ್ಮನವರು, “ಕುಡಿಯೋ ನೀರಲ್ಲಿ ಸಿಮೆಂಟ್ ಕಲಸ್ತೀರಾ?” ಎಂದು ಕೇಳಿದರು. ನಲವತ್ತು ಕೆ.ಜಿ. ಅಂಟಿಗೂ ಇಪ್ಪತ್ಮೂರು ಕೆ.ಜಿ. ಗ್ರೌಟಿಗೂ ಕಲಸಲು ಒಂದು ಕ್ಯಾನು ಸಾಕಾಯಿತು, ಸ್ಪಂಜು ತೊಳೆಯಲು ಇನ್ನು ನಾಲ್ಕು. ಗ್ರೌಟಿಗೆ ಮುಂಚೆ, ಟೈಲ್ಸಿನ ಮುಖಕ್ಕೆ ಮಾತ್ರ, ಮೇಲೆ ಪೊರೆ ಕಟ್ಟದೆ ಒಳಗಿಳಿಯುವ ಬಗೆಯ ಸೀಲರನ್ನು ಬಟ್ಟೆ ಸುತ್ತಿದ ಚಿಕ್ಕ ಹಲಗೆಯಿಂದ ಒಂದು ಕೋಟು ಕೊಟ್ಟೆವು. ಬ್ರಷ್ಷಾದರೆ ಸಂದಿನ ಒಳಬದಿಗೂ ಹರಿದು ಗ್ರೌಟು ಹಿಡಿಯುವುದಿಲ್ಲ. ಈ ಕೋಟಿನ ಕೆಲಸ ಒಂದೇ: ಗ್ರೌಟಿನ ತಿಳಿ ಟೈಲ್ಸಿನ ರಂಧ್ರಕ್ಕೆ ಇಳಿಯದಂತೆ ತಡೆಯುವುದು. ಗ್ರೌಟು ತುಂಬಿದ ಹದಿನೈದಿಪ್ಪತ್ತು ನಿಮಿಷಕ್ಕೆ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಸಂದಿಗೆ ಓರೆಯಾಗಿ ಎಳೆದರೆ ಒಂದೇ ಎಳೆತಕ್ಕೆ ಕೆಂಪು ಮುಖ ಬಂದಿತು. ನಡುಮನೆಯಲ್ಲಿ ಇದೇ ಹಂತದಲ್ಲಿ ನೀರು ಸೋರುವ ಸ್ಪಂಜಿನಿಂದ ಗೋಲಗೋಲವಾಗಿ ಉಜ್ಜಿದ್ದೆವು; ಹಾಲಿನಂಥ ಮಬ್ಬು ಕೂತದ್ದು ಆಗಲೇ.

ಆಮೇಲೆ ಕಾದೆವು. ಗ್ರೌಟಿನ ಮೇಲೆ ಎರಡು ದಿನ ಹಾಳೆ ಮುಚ್ಚಿಟ್ಟದ್ದು ಬಿಟ್ಟರೆ ನೀರು ಚಿಮುಕಿಸಲಿಲ್ಲ. ಮೂರು ವಾರದ ಮೇಲೆ ಇಟ್ಟ ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಇರಲಿಲ್ಲ, ಟೈಲ್ಸಿನ ಬಣ್ಣವೂ ಬದಲಾಗಿರಲಿಲ್ಲ. ಕೊನೆಯ ಕೋಟನ್ನು ಟೈಲ್ಸಿಗೂ ಸಂದಿಗೂ ಕೊಟ್ಟು, ಹೀರದೆ ಮೇಲೆ ಉಳಿದದ್ದನ್ನು ಕೆಲವೇ ನಿಮಿಷದಲ್ಲಿ ಒಣ ಬಟ್ಟೆಯಿಂದ ಒರೆಸಿ ತೆಗೆದೆವು. ಬಿಟ್ಟರೆ ಅಂಟಂಟಾಗಿ ಕೂರುತ್ತದೆ. ಮರುದಿನ ಮೂಲೆಯಲ್ಲಿ, ಅರಿಸಿನ ಕಲಸಿದ ಎಣ್ಣೆಯ ಒಂದು ಹನಿಯನ್ನು ಸೀಲರ್ ಇದ್ದ ಟೈಲ್ಸಿನ ಮೇಲೂ ಉಳಿದಿದ್ದ ಒಂದು ಬರೀ ಟೈಲ್ಸಿನ ಮೇಲೂ ಇಟ್ಟೆ. ಬರೀ ಟೈಲ್ಸಿನ ಮೇಲೆ ಅದು ಒಂದು ನಿಮಿಷದಲ್ಲಿ ಕಾಸಿನಗಲ ಹರಡಿ ಒಳಗಿಳಿಯಿತು. ಇನ್ನೊಂದರ ಮೇಲೆ ಮಣಿಯಂತೆ ನಿಂತಿತ್ತು; ಹತ್ತು ನಿಮಿಷದ ಮೇಲೆ ಒರೆಸಿದಾಗ ತೆಳುವಾದ ಹಳದಿ ನೆರಳು ಉಳಿದು, ಸಾಬೂನು ನೀರಿಗೆ ಹೋಯಿತು. ಕಲೆಯೇ ಹಿಡಿಯದಂತೆ ಮಾಡುವ ಶಕ್ತಿ ಸೀಲರಿಗಿಲ್ಲ, ಒರೆಸಲು ಹೊತ್ತು ಕೊಡುತ್ತದೆ ಎಂದು ಅಮ್ಮನವರಿಗೆ ಆಗಲೇ ಹೇಳಿದೆ.

ಮೇ ತಿಂಗಳಲ್ಲಿ ನಡುಮನೆಗೂ ಇದೇ ಸೀಲರನ್ನು ಹಚ್ಚಲಾಯಿತು. ಹೊಳಪಿನದು ಬೇಕೆಂದು ಯಜಮಾನರಿಗೆ ಆಸೆ ಇತ್ತು. ಕೆಳಗೆ ಪಾಲಿಥೀನ್ ಇಲ್ಲದ ಆ ನೆಲದಲ್ಲಿ ತೇವ ಇನ್ನೂ ಬರಬಹುದಾದ್ದರಿಂದ, ಆವಿಯನ್ನು ಹೊರಬಿಡುವ ಬಗೆಯೇ ಸರಿಯೆಂದು ನಾನು ಹಟ ಹಿಡಿದೆ. ಹಿಂಗಾರು ಮುಗಿದ ಮೇಲೆ ಮತ್ತೆ ಹೋಗಿ ನೋಡಿದಾಗ ಅಡುಗೆಮನೆಯಲ್ಲಿ ಒಲೆಕಟ್ಟೆಯ ಮುಂದೆ ನಾಲ್ಕು ಟೈಲ್ಸ್ ಸ್ವಲ್ಪ ಕಪ್ಪೇರಿದ್ದವು, ಅಷ್ಟೆ. ನಡುಮನೆಯಲ್ಲಿ ಪಡುವಣ ಗೋಡೆಗೆ ತಾಗಿದ ಮೊದಲ ಸಾಲಿನ ಸಂದಿನಲ್ಲಿ ಎರಡು ಮೊಳದುದ್ದ ಬಿಳಿಯ ಗೆರೆ ಮತ್ತೆ ಎದ್ದಿತ್ತು. ಆ ಗೋಡೆಯ ಹೊರಮಗ್ಗುಲಿಗೆ ಸರಿಯಾಗಿ ಬಟ್ಟೆ ಒಗೆಯುವ ಕಲ್ಲಿದೆ, ನೀರು ಹರಿದುಹೋಗಲು ವಾಟವಿಲ್ಲದೆ ಗೋಡೆಯ ಬುಡದಲ್ಲಿಯೇ ಇಂಗುತ್ತದೆ. ಕಲ್ಲನ್ನು ತೆಂಗಿನ ಮರದ ಬುಡಕ್ಕೆ ಸರಿಸುವ ಮಾತು ಸಂಕ್ರಾಂತಿಯಿಂದಲೂ ನಡೆದಿದೆ. ಕಲ್ಲು ಅಲ್ಲಿಯೇ ಇದೆ, ಯಜಮಾನರು ಹದಿನೈದು ದಿನಕ್ಕೊಮ್ಮೆ ಬ್ರಷ್ಷು ಹಿಡಿದು ಆ ಎರಡು ಮೊಳವನ್ನು ಉಜ್ಜುತ್ತಿದ್ದಾರೆ.